ಬ್ಯಾಸಿಗ್ಯಾಗ ಗುಡ್ಡ ಹತ್ತಿದವರು

1/7

ಮೊದಲನೇ ಫೋಟೊದಾಗ ಕಾಣೋ ಐದು ಜೋಡಿ ಚಪ್ಪಲಿ ನಮ್ಮ ಮನಿಯವು. ಅಪ್ಪ, ಅವ್ವ, ಅಜ್ಜಿ, ತಮ್ಮ, ನಾನು. ಜಾಗ ಯಾದಗಿರಿ ಕೋಟೆ ಗುಡ್ಡದ ಬುಡ, ಟೈಮ್ ಬೆಳಗ್ಗೆ 5:30. ಬಂಡೆ ಮ್ಯಾಲೆ ಜಾರ್ತದ ಅಂತ ಅವ್ವ ಎಲ್ಲರ ಚಪ್ಪಲಿ ಕಳಚಿಸಿದ್ಲು.

ಮೇ ತಿಂಗಳ ಪೂರ್ತಿ ನಿಮ್ಮ ಸ್ಟೋರಿ ನೋಡಿ ನೋಡಿ ಸಾಕಾಗಿತ್ತು. ಒಬ್ಬಾಕಿ ಊಟಿ, ಒಬ್ಬಾಂವ ಮುಳ್ಳಯ್ಯನಗಿರಿ, ಇನ್ನೊಬ್ಬಾಕಿ ನಂದಿಬೆಟ್ಟದ ಮೋಡದಾಗ ಟೀ ಕುಡಿಲತ್ತಾಳ. ನಮ್ಮ ಮನ್ಯಾಗ ಬೇಸಿಗೆ ರಜಾ ಅಂದ್ರ ಬೇರೆನೇ ಅರ್ಥ. ಸುಗ್ಗಿ ಮುಗೀತು ಅಂದ್ರ ಅಪ್ಪ ಅವ್ವ ಗುಳೆ ಹೋಗ್ತಾರ. ಬೆಂಗಳೂರಾಗ ಅಪ್ಪ ಗೌಂಡಿ, ಅವ್ವ ಸಿಮೆಂಟ್ ಬುಟ್ಟಿ ಹೊರ್ತಾಳ. ರೋಹಿಣಿ ಮಳಿ ಸುದ್ದಿ ಬಂದ ಮ್ಯಾಲೆ ವಾಪಸ್. ನಡುವಿನ ಮೂರು ತಿಂಗಳು ನಾನು, ತಮ್ಮ, ಅಜ್ಜಿ. ಯಾದಗಿರಿ ಜಿಲ್ಲೆಯವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಕ್ಲಾಸ್‌ನಾಗ ಅರ್ಧ ಮಂದಿ ಮನಿ ಕತಿ ಇದೇ ಅದ.

ಈ ವರ್ಷ ಕಾಕಾನ ಮಗಳ ಮದುವಿಗೆ ಅಂತ ಇಬ್ಬರೂ ಮೇ ತಿಂಗಳಲ್ಲೇ ಬಂದ್ರು. ಮದುವಿ ಮುಗಿದ ಮ್ಯಾಲೆ ಇನ್ನೂ ನಾಲ್ಕು ದಿನ ಇತ್ತು. ಗುಡ್ಡ ಹತ್ತಾಮು ಅಂದೆ. ಅಪ್ಪ ನಕ್ಕ. “ವರ್ಷಾನುಗಟ್ಲೆ ಕಲ್ಲು ಹೊತ್ತೀನಿ. ಈಗ ರೊಕ್ಕ ಖರ್ಚು ಮಾಡಿ ಕಲ್ಲು ನೋಡ್ಲಾಕ ಹೋಗ್ಬೇಕೇನ?”

ರೊಕ್ಕದ್ದು ಅಷ್ಟೇನಿರಲಿಲ್ಲ. ನನಗ, ಅವ್ವಗ, ಅಜ್ಜಿಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್. ಬಸ್ ಚಾರ್ಜ್ ಅಪ್ಪ ಮತ್ತು ತಮ್ಮಂದು ಅಷ್ಟೇ. ಬುತ್ತಿ ಮನಿದೇ: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಟೈಮಿಂಗ್ ಸರಕಾರಿ ಆಫೀಸಿನಿಂದ ಕದ್ದೆ. ನಮ್ಮ ಕಡೆ ಏಪ್ರಿಲ್-ಮೇದಾಗ ಆಫೀಸು ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1:30ಕ್ಕೆ ಮುಚ್ತಾವಲ್ಲ, ನಾವು ಇನ್ನೂ ಮುಂಚೆ. ಹೊತ್ತು ಹುಟ್ಟೋ ಮೊದಲು ಹತ್ತೋದು, 8:30ಕ್ಕೆ ಕೆಳಗ.

ಹಿಸ್ಟರಿ ಓದೋ ಹುಡುಗಿ ಆದ್ದರಿಂದ ಸುಮ್ಮನೆ ಹತ್ತೋಕೆ ಆಗಲಿಲ್ಲ. ಈ ಗುಡ್ಡಗಳನ್ನ ಇದೇ ಬಿಸಿಲಲ್ಲಿ ನಮಗಿಂತ ಮೊದಲು ಯಾರು ಹತ್ತಿದ್ರು, ಯಾಕ ಹತ್ತಿದ್ರು ಅನ್ನೋದೇ ಈ ಏಳು ಪೋಸ್ಟ್.

2/7

ಯಾದಗಿರಿ ಕೋಟೆ ಬಗ್ಗೆ ಎಲ್ಲರಿಗೂ ಬರೋ ಉತ್ತರ ಒಂದೇ: ಯಾದವರ ಗಿರಿ, ಅದಕ್ಕ ಯಾದಗಿರಿ. ಯಾದವರ ಹಿಂದೆ ಮುಂದೆ ಕಲ್ಯಾಣ ಚಾಲುಕ್ಯರು, ಬಹಮನಿಗಳು, ವಿಜಯಪುರದ ಆದಿಲ್‌ಶಾಹಿಗಳು, ಕೊನೆಗೆ ನಿಜಾಮರು. ಸುತ್ತಿನ ಮೇಲೆ ಸುತ್ತು ಗೋಡೆ, ಬಾಗಿಲ ಹಿಂದೆ ಬಾಗಿಲು. ಬಂಡೆ ಮೇಲೆ ಕೆತ್ತಿದ ಜೈನ ತೀರ್ಥಂಕರರು, ಮ್ಯಾಲೆ ಮಸೀದಿ, ದೇವಿ ಗುಡಿ, ತೋಪು. ಬಂದ ರಾಜರೆಲ್ಲ ಹಿಂದಿನವರ ಗೋಡೆ ಮ್ಯಾಲೆ ತಮ್ಮ ಗೋಡೆ ಏರಿಸ್ಯಾರ. ಪರೀಕ್ಷೆಗೆ ಇಷ್ಟು ಸಾಕು.

ಅಪ್ಪಗ ಇದ್ಯಾವುದೂ ಬೇಕಾಗಿರಲಿಲ್ಲ. ಅಂವ ಗೋಡೆಗೆ ಅಂಗೈ ಇಟ್ಟು ನಿಂತ (ಎರಡನೇ ಫೋಟೊ). ಬುಡದ ಕಲ್ಲು ದೊಡ್ಡವು, ಮ್ಯಾಲೆ ಹೋದಂಗ ಸಣ್ಣವು. ಒಂದು ಕಡೆ ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸ್ಯಾರ, ಇನ್ನೊಂದು ಕಡೆ ಸುಣ್ಣದ ಗಾರೆ ಹಾಕ್ಯಾರ. “ಇವು ಎರಡೂ ಒಂದೇ ಕಾಲದ ಕೈ ಅಲ್ಲ,” ಅಂದ. ನಾನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದನ್ನ ಅಂವ ಕೈಲೆ ಓದಿದ. ಆಮ್ಯಾಲೆ ಒಂದು ಪ್ರಶ್ನೆ ಕೇಳಿದ. ನಮ್ಮ ಯಾವ ಮೇಷ್ಟ್ರೂ ಇದನ್ನ ಕೇಳಿರಲಿಲ್ಲ.

“ಇಷ್ಟು ಗಾರೆ ಕಲಸ್ಲಾಕ ನೀರು ಎಲ್ಲಿಂದ ತಂದ್ರು?”

ಉತ್ತರ ನಮ್ಮ ಕಾಲ ಕೆಳಗೇ ಇತ್ತು. ಈ ಗುಡ್ಡಗಳು ಗ್ರಾನೈಟ್ ಬಂಡೆ. ಶಹಾಬಾದ್ ಕಡೆಯ ಹಾಸುಗಲ್ಲಿನಂತೆ ಪದರು ಪದರು ಅಲ್ಲ, ಗಟ್ಟಿ ಇಡಿಗಲ್ಲು. ಹೊಲದಾಗ ಬಿದ್ದ ಮಳಿಯನ್ನ ಎರೆಮಣ್ಣು ಕುಡೀತದ. ಬರಿ ಬಂಡೆ ಕುಡಿಯಲ್ಲ. ಬಿದ್ದ ನೀರು ಹೆಚ್ಚುಕಡಿಮೆ ಪೂರ್ತಿ ಹರಿದು ಇಳಿಜಾರಿಗೆ ಬರ್ತದ. ಆ ಇಳಿಜಾರಿನ ಬಾಯಿಗೆ ಒಂದು ಹೊಂಡ ಕಡಿದು ಕಟ್ಟೆ ಕಟ್ಟಿದ್ರ, ನಾಲ್ಕು ದೊಡ್ಡ ಮಳಿಗೆ ತುಂಬ್ತದ. ಕೋಟೆ ಮೇಲಿನ ಹೊಂಡ, ಬಾವಿಗಳ ಗುಟ್ಟು ಇದೇ. ಕೆಳಗ ಊರಾಗ ಕೊಡಕ್ಕ ಪಾಳಿ ಹಚ್ಚುವಾಗ ಗುಡ್ಡದ ಮ್ಯಾಲೆ ನೀರು ಇರ್ತಿತ್ತು. ಅದಕ್ಕೇ ಅಲ್ಲಿ ಕೋಟೆ. ಎತ್ತರ ಇದ್ರ ಕಾವಲು ಕಾಯಬಹುದು. ನೀರು ಇಲ್ಲದ ಎತ್ತರದ ಮ್ಯಾಲೆ ಮೇ ತಿಂಗಳಲ್ಲಿ ಒಂದು ವಾರ ಇರೋಕೆ ಆಗಲ್ಲ.

ಏಳೂವರೆಗೆ ಬಂಡೆ ಕಾಯೋಕೆ ಶುರು. ಅಜ್ಜಿ ಎರಡನೇ ಬಾಗಿಲ ನೆರಳಲ್ಲೇ ಕುಂತಿದ್ಲು. “ನೋಡಿದ್ರೇನ? ಸಾಕಿನ್ನ ಇಳೀರಿ.”

3/7

ಎರಡನೇ ದಿನ ಭೀಮಾ ದಾಟಿ ಶಹಾಪುರ. ಬುದ್ಧ ಮಲಗಿದ ಬೆಟ್ಟದ ಫೋಟೊ ನಿಮ್ಮೆಲ್ಲರ ಹತ್ತಿರ ಇದ್ದೇ ಇರ್ತದ, ಆದ್ರೂ ಹಾಕೀನಿ. ತಲಿ, ಮೂಗು, ಎದಿ, ಚಾಚಿದ ಕಾಲು. ದೂರದ ರಸ್ತೆಯಿಂದ ನೋಡಿದ್ರ ನಾಲ್ಕು ಗುಡ್ಡ ಸೇರಿ ಒಬ್ಬ ಮನುಷ್ಯ ಆಗ್ತಾನ, ಹತ್ತಿರ ಹೋದ್ರ ಬರೇ ಬಂಡೆ.

ಆಕಾರ ಕಾಕತಾಳೀಯ ಅಂತಲೇ ನಾನು ತಿಳಿದೀನಿ. ಆದ್ರ ಬುದ್ಧನ ಹೆಸರು ಈ ನೆಲಕ್ಕ ಹೊಸದಲ್ಲ. ಭೀಮಾ ದಂಡಿಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪ ಬಂತು. ಬೆಟ್ಟಕ್ಕೆ ಬುದ್ಧನ ಹೆಸರು ಯಾರಾದರೂ ಕೊಡಲಿ, ಬುದ್ಧನನ್ನ ನಂಬಿದವರು ಈ ಹೊಳೆ ದಂಡಿಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಇದ್ರು.

ಸಂಜಿ ಮುಂದ ವಿಭೂತಿಹಳ್ಳಿ. ಬಯಲಾಗ ದೊಡ್ಡ ದೊಡ್ಡ ಗುಂಡುಗಳನ್ನ ಸಾಲು ಹಿಡಿದು ಇಟ್ಟಾರ, ಶಿಲಾಯುಗದ ನಂತರದ ಬೃಹತ್ ಶಿಲಾ ಸಂಸ್ಕೃತಿಯ ಕಾಲದ್ದು. ತಮ್ಮ ಎಣಿಸ್ಲಿಕ್ಕೆ ಹೋಗಿ ಎರಡು ಸಲ ಲೆಕ್ಕ ತಪ್ಪಿದ. ಇವುಗಳ ಬಗ್ಗೆ ಮೊದಲು ಅಳತೆ ಹಿಡಿದು ಬರೆದ ಮನುಷ್ಯ 6ನೇ ಪೋಸ್ಟ್‌ನಾಗ ಬರ್ತಾನ, ಹೆಸರು ನೆನಪಿಟ್ಟುಕೊಳ್ಳಿ: ಟೇಲರ್.

ಆದ್ರ ಆ ದಿನದ ನಿಜವಾದ ಫೋಟೊ ಬೇರೆ. ಶಹಾಪುರದ ಗುಡ್ಡದ ಮ್ಯಾಲಿಂದ ಕೆಳಗ ಒಂದು ಗೆರಿ ಕಾಣ್ತದಲ್ಲ, ಅದು ಕಾಲುವೆ. 1982ರಲ್ಲಿ ನಾರಾಯಣಪುರ ಡ್ಯಾಮ್ ಆದ ಮ್ಯಾಲೆ ಕೃಷ್ಣಾ ನೀರು ಎಡದಂಡೆ ಕಾಲುವೆಗುಂಟ ಸುರಪುರ, ಶಹಾಪುರದ ಹೊಲಕ್ಕ ಬಂತು. ಜೋಳ ಬೆಳೀತಿದ್ದ ನೆಲದಾಗ ಭತ್ತ ಬಂತು. ಮೇದಾಗ ಕಾಲುವೆ ಒಣಗಿರ್ತದ. ಆದ್ರೂ ಕೊಯ್ದ ಭತ್ತದ ಗದ್ದಿ ಯಾವುದು, ಒಣ ಬೇಸಾಯದ ಹೊಲ ಯಾವುದು ಅಂತ ಮ್ಯಾಲಿಂದ ಕಣ್ಣಿಗೆ ಕಾಣ್ತದ. ಅವ್ವ ಸುಮಾರು ಹೊತ್ತು ನೋಡಿದ್ಲು. ನಮ್ಮೂರಿಗೆ ಆ ಕಾಲುವೆ ಮುಟ್ಟಿಲ್ಲ. “ಈ ಕಡಿ ಹೆಣ್ಣು ಕೊಟ್ಟಿದ್ರ ನಾ ಬೆಂಗಳೂರು ನೋಡ್ತಿದ್ದಿಲ್ಲ,” ಅಂದ್ಲು. ಅಪ್ಪ ಕೇಳಿಸಿಕೊಂಡು ಏನೂ ಅನ್ನಲಿಲ್ಲ.

4/7

ಮೂರನೇ ದಿನ ಸುರಪುರಕ್ಕೆ, ಅತ್ತಿ ಮನಿಗೆ. ಅಲ್ಲಿಂದ ವಾಗಣಗೇರಾ. ಇದು ಸ್ವಲ್ಪ ಉದ್ದ ಆಗ್ತದ, ಬಿಟ್ಟು ಸ್ಕ್ರೋಲ್ ಮಾಡಬ್ಯಾಡ್ರಿ. ನಮ್ಮ ಟೆಕ್ಸ್ಟ್‌ಬುಕ್‌ನಾಗ ಇದು ಒಂದು ಸಾಲು ಸಹ ಇಲ್ಲ.

ಈ ಸೀಮೆಯ ಬೇಡ ನಾಯಕರ ಹಳೆಯ ಠಾಣೆ ಸಗರ, ಶಹಾಪುರದ ಹತ್ತಿರದ್ದು. ಔರಂಗಜೇಬ ವಿಜಯಪುರ, ಗೋಲ್ಕೊಂಡ ಎರಡನ್ನೂ ನುಂಗಿದ ಮ್ಯಾಲೆ 1687ರಲ್ಲಿ ಸಗರಕ್ಕೂ ಸೈನ್ಯ ಕಳಿಸಿದ. ಪಾಮ ನಾಯಕ ಕೋಟೆ ಒಪ್ಪಿಸಿ ಬಾದಶಹನ ಮುಂದೆ ಹೋಗಿ ನಿಂತ, ಕೆಲವೇ ದಿನಕ್ಕೆ ತೀರಿಕೊಂಡ. ಅವನ ಹಿಂದೆ ಬಂದ ಪಿಡ್ಡ ನಾಯಕ ಸಗರ ಬಿಟ್ಟು ವಾಗಣಗೇರಾ ಗುಡ್ಡ ಹಿಡಿದ. ಕೋಟೆ ಗಟ್ಟಿ ಮಾಡಿದ, ಬಂದೂಕು ಹಿಡಿಯೋ ಬೇಡ ಜವಾನರನ್ನ ಕೂಡಿಸಿದ. ಗುರಿ ಇಟ್ಟು ಹೊಡೆಯೋದರಲ್ಲಿ ಇವರ ಹೆಸರು ದಖ್ಖನ್ ಪೂರ್ತಿ ಇತ್ತು.

1705ರ ಫೆಬ್ರವರಿಯಲ್ಲಿ ಔರಂಗಜೇಬ ಖುದ್ದಾಗಿ ಬಂದ. ಹುಟ್ಟಿದ್ದು 1618, ಅಂದ್ರ ವಯಸ್ಸು 86. ದಿಲ್ಲಿಯಿಂದ ಕಾಬೂಲ್ ತನಕ ಆಳೋ ಬಾದಶಹ, ನಮ್ಮ ಅಜ್ಜಿಗಿಂತ ದೊಡ್ಡ ವಯಸ್ಸಿನವ, ಯಾದಗಿರಿ ಜಿಲ್ಲೆಯ ಒಂದು ಗುಡ್ಡದ ಮುಂದೆ ಡೇರೆ ಹಾಕಿ ಕುಂತ. ಅಂವ ತಾನೇ ಮುಂದೆ ನಿಂತು ನಡೆಸಿದ ಕೊನೆಯ ದಂಡಯಾತ್ರೆ ಇದು.

ಸುಲಭ ಆಗಲಿಲ್ಲ. ಮೊಗಲರು ಎದುರಿಗಿನ ಲಾಲ್ ಟೇಕ್ರಿ ದಿಬ್ಬ ಹಿಡಿದ್ರು, ಬೇಡರು ಕಲ್ಲು ಬಂದೂಕು ಎರಡೂ ಹಿಡಿದು ಬಂದು ಕೆಳಗ ದಬ್ಬಿದ್ರು. ಮರಾಠಾ ಸರದಾರ ಧನಾಜಿ ಜಾಧವ ಕುದುರಿ ದಂಡು ತಗೊಂಡು ನಾಯಕನ ಸಹಾಯಕ್ಕ ಬಂದ. ಮುತ್ತಿಗೆ ಹಾಕಿದವರ ಹಿಂದೆನೇ ಇನ್ನೊಂದು ಮುತ್ತಿಗೆ ಬಿದ್ದಂಗ ಆಯ್ತು. ಪಿಡ್ಡ ನಾಯಕ ಸಂಧಿ ಮಾತು ಆಡ್ತಾ ಟೈಮ್ ಎಳೆದ, ತನ್ನ ತಮ್ಮನನ್ನೇ ಬಾದಶಹನ ಪಾಳ್ಯಕ್ಕ ಕಳಿಸಿದ. ಕೊಟ್ಟ ಮಾತು ಮಾತ್ರ ನಡೆಸಲಿಲ್ಲ. ಇದನ್ನ ಮೋಸ ಅಂತ ಮೊಗಲರ ಕಡೆಯವರು ಬರೆದುಕೊಂಡಾರ. ನಮ್ಮ ಅತ್ತಿ ಮನಿ ಓಣ್ಯಾಗ ಕೇಳಿದ್ರ ಇದಕ್ಕ ಶಾಣ್ಯಾತನ ಅಂತಾರ.

ಲೆಕ್ಕ ಬದಲಾದದ್ದು ದೊಡ್ಡ ತೋಪಿನಿಂದ ಅಷ್ಟೇ ಅಲ್ಲ. ಜುಲ್ಫಿಕರ್ ಖಾನ್ ಅನ್ನೋ ಸೇನಾಪತಿ ಬಂದ ಮ್ಯಾಲೆ ಮಾಡಿದ ಕೆಲಸದಾಗ ಒಂದು: ಕೋಟೆ ಕೆಳಗಿನ ತಳವಾರಗೇರಾ ಪೇಟೆ ಹತ್ತಿರ ಬೇಡರು ನೀರು ಸೇದುತ್ತಿದ್ದ ಬಾವಿಗಳನ್ನ ಹಿಡಿದ. ಮಾರ್ಚ್ ಕಳೆದು ಏಪ್ರಿಲ್ ಬಂದಿತ್ತು. ಗುಡ್ಡದ ಮೇಲಿದ್ದವರಿಗೆ ಆ ತಿಂಗಳಾಗ ಬಾವಿ ಹೋಯ್ತು ಅಂದ್ರ ಏನು ಅಂತ ನಿಮಗೆ ಹೇಳಬೇಕಿಲ್ಲ.

ಏಪ್ರಿಲ್ 27ರ ರಾತ್ರಿ ಪಿಡ್ಡ ನಾಯಕ ತನ್ನವರನ್ನ ಕರಕೊಂಡು, ಮರಾಠರ ಜೋಡಿ, ಕತ್ತಲ್ಲಿ ಗುಡ್ಡ ಇಳಿದು ಹೋದ. ಮೊಗಲರು ಒಳಗ ಹೋದಾಗ ಸುಡ್ತಿರೋ ಮನಿಗಳು, ಓಡೋಕಾಗದೆ ಉಳಿದವರು. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಮುಂದ ಅದೇ ಗೋಸಲ ಮನೆತನ ಸುರಪುರದಾಗ ರಾಜ್ಯ ಕಟ್ಟಿ, 1858ರ ತನಕ ಆಳಿತು.

ನಾವು ಹೋದಾಗ ಗುಡ್ಡದ ಮ್ಯಾಲೆ ಕುರಿ ಕಾಯೋ ಹುಡುಗರು ಇಬ್ಬರು. ಫೋಟೊದಾಗ ಮುರಿದ ಗೋಡೆ ಪಕ್ಕ ಕಾಣೋದು ನಮ್ಮ ತಮ್ಮ. ಕೈಯಾಗ ಇರೋ ಬಾಟಲಿ ಖಾಲಿ. ಮೂರು ಲೀಟರ್ ತಂದಿದ್ದೆವು, 8 ಗಂಟೆಗೇ ಮುಗಿದಿತ್ತು. ನಾವು ಐದು ಮಂದಿ, ಎರಡೂವರೆ ತಾಸು.

5/7

ಸಣ್ಣ ಪೋಸ್ಟ್. ಗೆದ್ದ ಮ್ಯಾಲೆ ಔರಂಗಜೇಬ ಎಲ್ಲಿಗೆ ಹೋದ ಗೊತ್ತದ? ದಿಲ್ಲಿಗಲ್ಲ. ಅಲ್ಲೇ ಕೆಳಗ, ಕೃಷ್ಣಾ ಕಡೆಯ ದೇವಾಪುರಕ್ಕ. ಹೌದು, ನಮ್ಮ ಸುರಪುರ ತಾಲ್ಲೂಕಿನ ದೇವಾಪುರ. ಅಲ್ಲಿ ಜೋರು ಜಡ್ಡು ಬಿದ್ದ. ಬಾದಶಹ ಸತ್ತ ಅಂತಲೇ ಪಾಳ್ಯದಾಗ ಸುದ್ದಿ ಎದ್ದಿತ್ತು. ಮೇದಿಂದ ಅಕ್ಟೋಬರ್ ತನಕ ಸುಮಾರು ಆರು ತಿಂಗಳು ಹಿಂದೂಸ್ತಾನದ ದರಬಾರು ಆ ಊರಾಗ ನಡೀತು. ಆಮ್ಯಾಲೆ ಪಲ್ಲಕ್ಕಿಯಲ್ಲಿ ಹೊತ್ತು ಅಹ್ಮದನಗರದ ದಾರಿ ಹಿಡಿದ್ರು. 1707ರಲ್ಲಿ ಅಲ್ಲೇ ಸತ್ತ.

ದೇವಾಪುರದ ದಾರ್ಯಾಗ ಎಲ್ಲಾದರೂ ಒಂದು ಬೋರ್ಡ್ ಇರಬಹುದಂತ ಬಸ್ ಕಿಟಕಿಯಿಂದ ನೋಡಿದೆ. ನನಗಂತೂ ಕಾಣಲಿಲ್ಲ. ಪ್ಲಾಸ್ಟಿಕ್ ಕೊಡದ ಸಾಲು ಕಂಡಿತು.

6/7

ಸುರಪುರದವರಿಗೆ ಹತ್ತೋದು ಹೊಸದೇನಲ್ಲ. ವೇಣುಗೋಪಾಲಸ್ವಾಮಿ ಜಾತ್ರ್ಯಾಗ ಎಣ್ಣಿ ಹಚ್ಚಿದ ಕಂಬಾನೇ ಹತ್ತೋ ಮಂದಿ. ಆದ್ರ ಆರಾಮಾಗಿ ಇರೋಕೆ ಅಂತ ಗುಡ್ಡ ಹತ್ತಿದವ ನಮ್ಮ ಸೀಮೆಯಾಗ ನನಗೆ ಗೊತ್ತಿರೋ ಹಂಗ ಒಬ್ಬನೇ. ಕರ್ನಲ್ ಫಿಲಿಪ್ ಮೆಡೋಸ್ ಟೇಲರ್.

ಅದು ಬ್ರಿಟಿಷರು ಬಿಸಿಲಿಗೆ ಹೆದರಿ ಬೆಟ್ಟ ಏರ್ತಿದ್ದ ಕಾಲ. ಉದಕಮಂಡಲದಾಗ ಸಲಿವನ್ 1820ರ ದಶಕದಲ್ಲೇ ಮನಿ ಮಾಡಿದ್ದ. ಮೈಸೂರಿನ ಕಮಿಷನರ್ ಕಬ್ಬನ್‌ಗೆ ನಂದಿಬೆಟ್ಟ ಇತ್ತು. ನಿಮ್ಮ ಮೋಡದ ಸ್ಟೋರಿಗಳ ಮೂಲ ಪುರುಷರು ಇವರೇ! ಟೇಲರ್‌ಗೆ ಸಿಕ್ಕಿದ್ದು ಸುರಪುರ. ಲಿವರ್‌ಪೂಲ್‌ನಲ್ಲಿ 1808ರಲ್ಲಿ ಹುಟ್ಟಿ, ಹುಡುಗ ಇದ್ದಾಗಲೇ ಭಾರತಕ್ಕೆ ಬಂದು, ನಿಜಾಮನ ನೌಕರಿ ಮಾಡಿ, ಠಗರ ಬಗ್ಗೆ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಾಗ ಹೆಸರು ಮಾಡಿದವ. 1841ರಲ್ಲಿ ಸುರಪುರಕ್ಕೆ ಬಂದಾಗ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡು, ಪಟ್ಟದ ಜಗಳ ನಡೆದಿತ್ತು. ರಾಣಿ ಈಶ್ವರಮ್ಮ ಒಂದು ಕಡೆ, ಸಣ್ಣ ಹುಡುಗ ವೆಂಕಟಪ್ಪ ನಾಯಕ ಒಂದು ಕಡೆ. ಟೇಲರ್ 1853ರ ತನಕ ಇಲ್ಲಿದ್ದ. ರಸ್ತೆ ಮಾಡಿಸಿದ, ಕೆರೆ ಕಟ್ಟಿಸಿದ, ವಿಭೂತಿಹಳ್ಳಿ, ರಾಜನಕೋಳೂರಿನ ಹಳೆಯ ಕಲ್ಲುಗಳನ್ನ ಅಳೆದು ಬರೆದ. ಊರ ಮೇಲಿನ ಗುಡ್ಡದ ತುದಿಗೆ ಮನಿ ಕಟ್ಟಿಸಿದ. ಅದೇ ಟೇಲರ್ ಮಂಜಿಲ್, ಈ ಫೋಟೊದ್ದು.

ಸಂಜಿ ಹೊತ್ತು ಅಲ್ಲಿ ಗಾಳಿ ಬೀಸ್ತದ, ಅದು ಖರೆ. ಅವ್ವ ಸೆರಗು ಬಿಟ್ಟು ಗಾಳಿಗೆ ಮುಖ ಒಡ್ಡಿ ನಿಂತ ಫೋಟೊ ಈ ಪ್ರವಾಸದಾಗ ನನಗ ಅತಿ ಪ್ರೀತಿದು. ಹಾಕಬ್ಯಾಡ ಅಂದಾಳ, ಅದಕ್ಕ ಹಾಕಿಲ್ಲ.

ಅಪ್ಪ ಗೋಡೆ ತಟ್ಟಿ ನೋಡಿದ. “ದಪ್ಪ ಗ್ವಾಡಿ. ಬಿಸಲು ಒಳಗ ಬರೋದ್ರಾಗ ಹೊತ್ತು ಮುಳಗ್ತದ. ಛಂದ ಕಟ್ಯಾರ.” ಯಾರು ಕಟ್ಟಿದ್ರು ಅಂದೆ. “ಸಾಹೇಬ ಅಂತೂ ಒಂದ್ ಕಲ್ಲೂ ಹೊತ್ತಿರಲ್ಲ ತೊಗೊ.”

ಟೇಲರ್‌ನ ವೆಂಕಟಪ್ಪ ನಾಯಕ “ಅಪ್ಪ” ಅಂತ ಕರೀತಿದ್ದನಂತೆ. ಇದನ್ನ ಬರೆದವನು ಟೇಲರೇ, ಸತ್ತ ಮೇಲೆ 1877ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ. ಅಂವ ಹೋದ ನಾಲ್ಕೈದು ವರ್ಷಕ್ಕೆ 1857 ಬಂತು. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ದಂಡು ಸುರಪುರದ ಮೇಲೆ ಬಿತ್ತು, ಜಗಳದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಟೇಲರ್ ಜೈಲಿಗೆ ಹೋಗಿ ಅವನನ್ನ ಕಂಡ. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆ ಅಂತ ಆಯ್ತು. ಚೆಂಗಲ್‌ಪಟ್ಟು ಕಡೆಗೆ ಒಯ್ಯುವ ದಾರಿಯಲ್ಲಿ, ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡಕೊಂಡ ಅಂತ ಒಂದು ಮಾತು, ಆಕಸ್ಮಿಕ ಅಂತ ಇನ್ನೊಂದು. ನಮ್ಮ ಅತ್ತಿ ಎರಡನ್ನೂ ನಂಬಲ್ಲ. ಇನ್ನೂ 24ರ ಆಸುಪಾಸು, ನಮ್ಮ ಸೀನಿಯರ್‌ಗಳ ವಯಸ್ಸು.

ಟೇಲರ್ ಒಳ್ಳೆಯವನಾಗಿರಬಹುದು. ಅಂವ ಬರೆದಿದ್ದನ್ನ ಓದಿದ್ರ ಆ ಹುಡುಗನ ಮ್ಯಾಲೆ ಪ್ರೀತಿ ಇತ್ತು ಅನಿಸ್ತದ. ಆದ್ರ ಜೈಲಿನ ಕೋಣೆಯಲ್ಲಿ ಇಬ್ಬರು ಇದ್ರು, ಪೆನ್ನು ಒಬ್ಬನ ಕೈಯಾಗ ಇತ್ತು. ರಾಜ ಟೇಲರ್‌ನ ನಿಜವಾಗ್ಲೂ ಏನಂತ ಕರೀತಿದ್ದ ಅನ್ನೋದನ್ನ ರಾಜನ ಬಾಯಿಂದ ಕೇಳಿದ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. 1860ರಲ್ಲಿ ಬ್ರಿಟಿಷರು ಸುರಪುರವನ್ನ ನಿಜಾಮನಿಗೆ ಕೊಟ್ಟುಬಿಟ್ರು. ಒಂದು ಸಹಿ, ಸಂಸ್ಥಾನ ಮುಗೀತು.

7/7

ಕೊನೆಯ ದಿನ ಗುಡ್ಡ ಇಲ್ಲ, ಅಜ್ಜಿ ಹಠ. ಬೋನಾಳ ಕೆರೆ. ಸುರಪುರದ ನಾಯಕರ ಕಾಲದ ಕೆರೆ, ಟೇಲರ್ ದೊಡ್ಡದು ಮಾಡಿಸಿದ. ಈಗ ಪಕ್ಷಿಧಾಮ. ಚಳಿಗಾಲದಾಗ ಬಂದ್ರ ದೂರದೇಶದ ಪಟ್ಟೆತಲೆ ಹೆಬ್ಬಾತುಗಳು ಇರ್ತಾವ. ಮೇದಾಗ ನೀರು ಹಿಂದೆ ಸರಿದು ದಂಡಿ ಬಿರುಕು ಬಿಟ್ಟಿತ್ತು, ಕೊಕ್ಕರೆ ನಾಲ್ಕು ನಿಂತಿದ್ದವು. ಅಜ್ಜಿ ಕೆಸರು ದಾಟಿ ಹೋಗಿ ನೀರಾಗ ಕಾಲಿಟ್ಟು ನಿಂತಳು, ಬಸ್ಸಿನ ಟೈಮ್ ಆದ್ರೂ ಬರಲೊಲ್ಲಳು. ಫೋಟೊ ಅದು.

ಏರಿ ಮ್ಯಾಲೆ ಕುಂತು ಬುತ್ತಿ ಬಿಚ್ಚಿದಾಗ ಅಪ್ಪಗ ಕೇಳಿದೆ, ನಾಲ್ಕು ದಿನದಾಗ ಯಾವುದು ಛಂದ ಇತ್ತು ಅಂತ. ಕೋಟೆ ಅಂತಾನ, ಟೇಲರ್ ಮಂಜಿಲ್ ಅಂತಾನ ಅಂದುಕೊಂಡಿದ್ದೆ. ಅಂವ ಕುಂತಲ್ಲೇ ಏರಿಯ ಕಲ್ಲು ತಟ್ಟಿದ. “ಇದು. ಇದನ್ನ ಕಟ್ಟಿದವರು ಸಂಜಿಗೆ ತಮ್ಮ ಮನಿಗೇ ಹೋಗಿ ಉಂಡಿರ್ತಾರ.”

ಕಟ್ಟಿದವರ ಹೆಸರು ಯಾವ ಪುಸ್ತಕದಾಗಾದ್ರೂ ಸಿಗ್ತದೇನೋ ಅಂತ ಹುಡುಕ್ಲತ್ತೀನಿ. ರಾಜನಕೋಳೂರು ಉಳೀತು. ಮುಂದಿನ ಬೇಸಿಗಿಗೆ.

ಮೊನ್ನೆ ರಾತ್ರಿ ಇಬ್ಬರನ್ನೂ ಯಾದಗಿರಿ ಸ್ಟೇಷನ್‌ಗೆ ಬಿಟ್ಟು ಬಂದೆ. ಬೆಂಗಳೂರು ಗಾಡಿಯ ಜನರಲ್ ಬೋಗಿ ಮುಂದ ನಮ್ಮೂರಿನವರೇ ಹನ್ನೆರಡು ಮಂದಿ, ಗಂಟು, ಕೂಸು, ಕರಣಿ, ಗುದ್ದಲಿ. ಕಿಟಕ್ಯಾಗ ಸೀಟು ಸಿಕ್ಕ ಕೂಡಲೇ ಅವ್ವ ಹೇಳಿದ ಮಾತು: “ನೀರಿನ ಬಾಟ್ಲಿ ತುಂಬಿಸ್ಕೊಂಡ್ ಬಾ, ಗಾಡಿ ಬಿಡ್ತದ.” ನಳ ಪ್ಲಾಟ್‌ಫಾರ್ಮಿನ ಆ ತುದಿಗೆ ಇತ್ತು. ಓಡಿ ತುಂಬಿಸಿ ಕೊಟ್ಟೆ.

#ಯಾದಗಿರಿ #ಶಹಾಪುರ #ಸುರಪುರ #ವಾಗಣಗೇರಾ #ಗುಡ್ಡ_ಹತ್ತಾಮು